ಅಡುಗೆಮನೆಯಲ್ಲಿ ಮುದ್ರಿಸಿದ ದನಿ

ಶಬ್ದದ ವಿಷಯದಲ್ಲಿ ನನ್ನದು ಮಡಿ. ಉಪ್ಪಿನಕಾಯಿ ಭರಣಿಗೆ ಯಾರಾದರೂ ಒದ್ದೆ ಚಮಚ ಹಾಕಿದರೆ ನಮ್ಮತ್ತೆ ಹೇಗೆ ಹಾರಿಬೀಳುತ್ತಿದ್ದರೋ, ರೆಕಾರ್ಡಿಂಗ್ ನಡುವೆ ಯಾರಾದರೂ ಕುರ್ಚಿ ಎಳೆದರೆ ನಾನೂ ಹಾಗೇ. ಮೈಸೂರಿನಲ್ಲಿ ರೇಡಿಯೋದ ಧ್ವನಿಮುದ್ರಣ ವಿಭಾಗದಲ್ಲಿದ್ದಾಗ ಅಂಟಿಕೊಂಡ ಚಾಳಿ ಅದು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಓಲ್ಡ್ ಬ್ರಿಡ್ಜಿನ ಮನೆಯ ಬೇಸ್‌ಮೆಂಟಿನಲ್ಲಿ ಪುಟ್ಟದೊಂದು ಸ್ಟುಡಿಯೋ ಮಾಡಿಕೊಂಡ ಮೇಲೂ ಬಿಡಲಿಲ್ಲ. ಅದರ ಗೋಡೆಗೆ ನಾನು ನೇತುಹಾಕಿರುವುದು ಕಂಬಳಿಗಳು, ನನ್ನವರ ಹಳೆಯ ಚಳಿಕೋಟುಗಳು, ಉಡುವ ಸಂದರ್ಭವೇ ಬಾರದ ನನ್ನ ಭಾರದ ಸೀರೆಗಳು. ಪ್ರತಿಧ್ವನಿಯನ್ನು ಹೀರಿಕೊಳ್ಳುವುದರಲ್ಲಿ ಧರ್ಮಾವರಂ ಸೀರೆಯನ್ನು ಮೀರಿಸುವ ವಸ್ತುವನ್ನು ನಾನಿನ್ನೂ ಕಂಡಿಲ್ಲ.

ಬಾಸ್ಕಿಂಗ್ ರಿಡ್ಜಿನ ಕಂಪನಿಗಳ ಟ್ರೈನಿಂಗ್ ವಿಡಿಯೋಗಳಿಗೆ ದನಿ ಸೇರಿಸುವುದು, ಕನ್ನಡ ಕೂಟದ ನಾಟಕಗಳನ್ನು ಮುದ್ರಿಸುವುದು, ಇದು ನನ್ನ ಸಂಪಾದನೆಯ ದಾರಿ. ಒಮ್ಮೆ ಫ್ಲಶಿಂಗ್ ದೇವಸ್ಥಾನದಲ್ಲಿ ಒಬ್ಬರ ಸಂಗೀತ ಕಚೇರಿ ಮುದ್ರಿಸಿದ್ದೆ. ಆಲಾಪನೆಯ ಹಿಂದೆ ಕ್ಯಾಂಟೀನಿನ ದೋಸೆಕಾವಲಿ ಚುಂಯ್ ಅನ್ನುತ್ತಿತ್ತು. ಆ ಚುಂಯ್ ತೆಗೆಯಲು ಒಂದು ವಾರ ಒದ್ದಾಡಿದೆ, ಕೊನೆಗೂ ತೆಗೆದೆ. ಇಂಥ ಹೆಮ್ಮೆಯ ಹೆಂಗಸಿನ ಹತ್ತಿರ ಆ ಕೆಲಸ ಬಂತು.

ಫೋನ್ ಮಾಡಿದವಳು ನಮ್ಮ ಸ್ನೇಹಿತರ ಮಗಳು. ಇಲ್ಲೇ ಹುಟ್ಟಿ ಬೆಳೆದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿರುವ ಹುಡುಗಿ. ನನ್ನ ಜೊತೆ ಮಾತ್ರ ಹಟಹಿಡಿದು ಕನ್ನಡ ಆಡುತ್ತಾಳೆ.

“ಆಂಟಿ, ನನ್ನ ಪೇಷೆಂಟ್ ಒಬ್ರು ಟರ್ಕಿಶ್ ಜರ್ನಲಿಸ್ಟ್. ಅವರ ವಾಯ್ಸ್ ಬಾಕ್ಸ್ ರಿಮೂವ್ ಮಾಡ್ತಾರೆ. ಅದಕ್ಕೆ ಮುಂಚೆ ಅವರ ವಾಯ್ಸ್ ಎಲ್ಲಾ ರೆಕಾರ್ಡ್ ಮಾಡಿ ಇಟ್ಕೋಬೇಕು. ನಂಗೆ ಗೊತ್ತಿರೋರಲ್ಲಿ ರಿಯಲ್ ಮೈಕ್ ಇರೋದು ನಿಮ್ಮ ಹತ್ರ ಮಾತ್ರ.”

ಟರ್ಕಿ ಭಾಷೆಯಲ್ಲಿ ನನಗೆ ಒಂದಕ್ಷರವೂ ಬರುವುದಿಲ್ಲ ಎಂದೆ. ಅದರ ಅಗತ್ಯವಿಲ್ಲ, ಕಿವಿ ಇದ್ದರೆ ಸಾಕು ಎಂದಳು.

ಕೆಲಸ ಏನೆಂದು ಅವಳೇ ಬಿಡಿಸಿ ಹೇಳಿದಳು. ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟಾಗಿತ್ತು, ಅದು ಹಿಡಿಯಲಿಲ್ಲ. ಈಗ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನ ಮುಂದೆ ಒಂದು ರಂಧ್ರ ಮಾಡುತ್ತಾರೆ. ಆಮೇಲೆ ಬೇರೆ ಬೇರೆ ಸಾಧನಗಳಿಂದ ಮಾತು ಕಲಿಯಬಹುದು, ಆದರೆ ಹುಟ್ಟಿನಿಂದ ಬಂದ ದನಿ ಮತ್ತೆ ಬರುವುದಿಲ್ಲ. ಅದಕ್ಕೇ ದಿನಬಳಕೆಯ ಮಾತುಗಳನ್ನು ಮೊದಲೇ ಒಂದೊಂದಾಗಿ ಮುದ್ರಿಸಿ, ಒಂದು ಟ್ಯಾಬ್ಲೆಟ್ಟಿನಲ್ಲಿ ಒಂದೊಂದು ಗುಂಡಿಗೆ ಒಂದೊಂದು ಮಾತನ್ನು ಜೋಡಿಸಿಡುವುದು. ಗುಂಡಿ ಒತ್ತಿದರೆ ಅವರದೇ ದನಿಯಲ್ಲಿ ‘ನೀರು ಬೇಕು’ ಎಂದು ಕೇಳಬೇಕು.

ಪತ್ರಕರ್ತರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಮಾರ್ಚ್ ತಿಂಗಳ ಕೊನೆಯಲ್ಲಿ, ಹೆಂಡತಿಯ ಜೊತೆ. ಇಬ್ಬರೂ ಎಪ್ಪತ್ತರ ಆಸುಪಾಸು. ಪತ್ರಕರ್ತರದು ಎತ್ತರದ ನಿಲುವು, ಇಸ್ತ್ರಿ ಮಾಡಿದ ಶರ್ಟು, ಕತ್ತಿಗೆ ಸುತ್ತಿದ ಮಫ್ಲರ್. ಹೆಂಡತಿ ಇಸ್ತಾಂಬುಲ್‌ನಲ್ಲಿ ಶಾಲೆಯ ಟೀಚರಾಗಿದ್ದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಮಾತಾಡಿದಾಗ ಗಂಡ ತಿರುಗಿಸಿ ಹೇಳುತ್ತಿದ್ದರು. ಪತ್ರಕರ್ತರು ಆಯುಷ್ಯವಿಡೀ ರಾಜಕೀಯ ವರದಿ ಮಾಡಿದವರು. ಮೊದಲು ಅಂಕಾರಾದ ಸಂಸತ್ತಿನ ಮೊಗಸಾಲೆಗಳಲ್ಲಿ, ಆಮೇಲೆ ಟಿ.ವಿ.ಯಲ್ಲಿ, ಕೊನೆಗೆ ಇಸ್ತಾಂಬುಲ್‌ನ ಒಂದು ಪತ್ರಿಕೆಯಲ್ಲಿ ಅಂಕಣ. ಒಂದು ವರದಿಗಾಗಿ ಅವರ ಮೇಲೆ ಕೇಸು ಬಿದ್ದು ಜೈಲಾಯಿತು. ಹೊರಬರುವಷ್ಟರಲ್ಲಿ ಪತ್ರಿಕೆಯೇ ಮುಚ್ಚಿತ್ತು. ಇಲ್ಲಿಗೆ ಬಂದು ಪ್ಯಾಟರ್ಸನ್‌ನ ಅಪಾರ್ಟ್‌ಮೆಂಟಿನಿಂದ ವಾರಕ್ಕೊಮ್ಮೆ ಇಂಟರ್ನೆಟ್ಟಿನಲ್ಲಿ ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಊರಿನಲ್ಲಿ ಅದನ್ನು ನೋಡುವವರು ಇಯರ್‌ಫೋನ್ ಹಾಕಿಕೊಂಡು ನೋಡುತ್ತಾರೆ ಎಂದು ನಕ್ಕರು.

ಆ ದನಿ ಆಗಲೇ ಸವೆದಿತ್ತು. ಆದರೂ ಎಂಥ ದನಿ! ಹಳೆಯ ಮರದ ಬೀರುವಿನ ಬಾಗಿಲು ತೆಗೆದ ಹಾಗೆ, ತಗ್ಗಿನಲ್ಲಿ ಒಂದು ಗುಯ್ ಇತ್ತು. ಹೆಡ್‌ಫೋನಿನಲ್ಲಿ ಮೊದಲ ವಾಕ್ಯ ಕೇಳಿದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮೈಸೂರಿನಲ್ಲಿ ಹಿರಿಯ ವಾರ್ತಾವಾಚಕರು ಒಳಗೆ ಕೂತು, ಕೆಂಪು ದೀಪ ಹತ್ತಿ, ನಾನು ಗಾಜಿನ ಈಚೆ ಕೈ ಎತ್ತಿ ಸನ್ನೆ ಮಾಡುತ್ತಿದ್ದ ದಿನಗಳು ಎದುರಿಗೆ ಬಂದು ನಿಂತವು.

ನನ್ನ ಕ್ರಮ ಹೀಗಿತ್ತು. ಮೊದಲು ಮನೆಯ ಹೀಟಿಂಗ್ ಆಫ್. ಆಮೇಲೆ ಮೇಲಿನ ಫ್ರಿಜ್ಜಿನ ಪ್ಲಗ್ ಕಿತ್ತು, ಕಾರಿನ ಕೀಯನ್ನು ಫ್ರಿಜ್ಜಿನೊಳಗೆ ಇಡುವುದು. ಹಾಗಿಟ್ಟರೆ ಪ್ಲಗ್ ಹಾಕುವುದನ್ನು ಮರೆತು ಹೊರಗೆ ಹೋಗಲು ಸಾಧ್ಯವಿಲ್ಲ. ಹಾಲು ಕೆಟ್ಟ ಮೇಲೆ ಕಲಿತ ಬುದ್ಧಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳುವುದು, ಹಿನ್ನೆಲೆಯ ಗುಂಯ್ ಎಷ್ಟಿದೆ ಎಂದು ಸಾಫ್ಟ್‌ವೇರಿಗೆ ಗುರುತು ಹೇಳಲು. ಆಮೇಲೆ ಆಸ್ಪತ್ರೆಯವರು ಕೊಟ್ಟ ಪಟ್ಟಿಯ ಮಾತುಗಳು. ಅವನ್ನು ಅವರೇ ಟರ್ಕಿ ಭಾಷೆಗೆ ತಿರುಗಿಸಿಕೊಂಡು ಬಂದಿದ್ದರು.

ರೇಡಿಯೇಷನ್ನಿನಿಂದ ಅವರ ಬಾಯಿ ಒಣಗಿತ್ತು. ಒಣಬಾಯಿಯೆಂದರೆ ಧ್ವನಿಮುದ್ರಕರಿಗೆ ಶತ್ರು. ನಾಲಿಗೆ, ತುಟಿ, ಅಂಗುಳ ಎಲ್ಲ ಚಟ್ ಚಟ್ ಅನ್ನುತ್ತವೆ. ಅದಕ್ಕೆ ಹಸಿರು ಸೇಬಿನ ತೆಳು ಹೋಳು ಮದ್ದು. ನಾನು ಅದಕ್ಕೆ ಉಪ್ಪು ಖಾರ ಹಚ್ಚಿ ತಂದಿಟ್ಟೆ. ಆ ಹುಳಿ ಸೇಬನ್ನು ಮನುಷ್ಯರು ತಿನ್ನುವ ಹಾಗೆ ಮಾಡಲು ನನಗೆ ಗೊತ್ತಿದ್ದ ಒಂದೇ ದಾರಿ ಅದು. ಅವರು ಖಾರವನ್ನು ಒರೆಸಿ ತಿಂದರು, ಹೆಂಡತಿ ಖಾರದ್ದನ್ನೇ ಎರಡನೇ ಸಲ ತೆಗೆದುಕೊಂಡರು. ಸೇಬು ತಿಂದ ಮೇಲೂ ಉಳಿದ ಚಟ್‌ಗಳನ್ನು ಬಾಯಿಸದ್ದು ತೆಗೆಯುವ ಸಾಫ್ಟ್‌ವೇರಿಗೆ ಒಪ್ಪಿಸಿದೆ. ಅದನ್ನು ಅತ್ಯಂತ ಬಿಗಿಗೆ ಇಟ್ಟು ಎಲ್ಲ ಫೈಲುಗಳ ಮೇಲೂ ಓಡಿಸಿದೆ. ಆಮೇಲೆ ಕೇಳಿದರೆ ಸೋಸಿದ ತುಪ್ಪದ ಹಾಗಿತ್ತು.

ಕೆಲಸ ಮಾಡುವಾಗ ನಾನು ಮುಖ ನೋಡುವವಳಲ್ಲ, ಪರದೆಯ ಮೇಲಿನ ಅಲೆ ನೋಡುವವಳು. “ಸುಸ್ತಾಯಿತೇ ಸರ್?” “ಇನ್ನೊಂದು ಪುಟ ಸಾಕೇ?” ಎಂದೆಲ್ಲ ಕೇಳಿ, ಅವರು ಕಾಗದ ಮಗುಚಿದ ಸದ್ದಾದರೆ ಮುಂದುವರಿಯುತ್ತಿದ್ದೆ. ಸದ್ದಾಗದಿದ್ದರೆ ನಿಲ್ಲಿಸುತ್ತಿದ್ದೆ. ವಾರಕ್ಕೆ ಎರಡು ಸಲ ಬರುತ್ತಿದ್ದರು, ಒಮ್ಮೆಗೆ ಒಂದು ತಾಸು. ಅದಕ್ಕಿಂತ ಹೆಚ್ಚು ಆ ಗಂಟಲು ತಡೆಯುತ್ತಿರಲಿಲ್ಲ.

ಬಿಡುವಿನಲ್ಲಿ ಬಿಸಿನೀರು ಕುಡಿಯುತ್ತ ಹಳೆಯ ಕಾಲದ ಮಾತು ಬರುತ್ತಿತ್ತು. ಅಂಕಾರಾದಿಂದ ಇಸ್ತಾಂಬುಲ್‌ಗೆ ಕೆಟ್ಟ ಫೋನ್ ಲೈನಿನಲ್ಲಿ ಸುದ್ದಿ ಹೇಳಿ ಬರೆಸುತ್ತಿದ್ದುದನ್ನು ಅವರು ಹೇಳಿದರು. ಆ ಕಡೆ ಬರೆದುಕೊಳ್ಳುವವನು ಟೀ ಕುಡಿಯುವುದು ಕೂಡ ಕೇಳಿಸುತ್ತಿತ್ತಂತೆ. ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಕೂಗಬೇಕಾಗಿದ್ದರಿಂದ, ಯಾವ ಮಂತ್ರಿ ರಾಜೀನಾಮೆ ಕೊಟ್ಟ ಎಂಬುದು ಮೊಗಸಾಲೆಗೆಲ್ಲ ಮೊದಲೇ ಗೊತ್ತಾಗಿಬಿಡುತ್ತಿತ್ತಂತೆ. ನಾನು ಟೇಪಿನ ಕಾಲ ಹೇಳಿದೆ. ಭಾಷಣದ ಕೆಮ್ಮನ್ನು ಬ್ಲೇಡಿನಿಂದ ಕೊಯ್ದು, ಆ ತುಂಡುಗಳನ್ನು ಕತ್ತಿಗೆ ಮಾಲೆಯಂತೆ ಹಾಕಿಕೊಂಡು ಕೆಲಸ ಮಾಡುತ್ತಿದ್ದುದು, ಒಮ್ಮೆ ಕೆಮ್ಮನ್ನು ಉಳಿಸಿ ವಾಕ್ಯವನ್ನು ಬುಟ್ಟಿಗೆ ಎಸೆದದ್ದು. ಅವರು ಬಹಳ ಹೊತ್ತು ನಕ್ಕರು. ಆ ನಗು ಮುದ್ರಣವಾಗಲಿಲ್ಲ, ಬಿಡುವಿಗೆಂದು ನಿಲ್ಲಿಸಿದ ಯಂತ್ರ ನಿಂತೇ ಇತ್ತು. ಆ ವಸಂತವನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ಆ ಬಿಸಿನೀರಿನ ಹೊತ್ತುಗಳೇ.

ಪಟ್ಟಿ ಮುಕ್ಕಾಲು ಮುಗಿದಾಗ, ಆದಷ್ಟನ್ನು ಟ್ಯಾಬ್ಲೆಟ್ಟಿಗೆ ಹಾಕಿಕೊಂಡು ನಾನೂ ಥೆರಪಿಸ್ಟ್ ಹುಡುಗಿಯೂ ಪ್ಯಾಟರ್ಸನ್‌ಗೆ ಹೋದೆವು. ಮೂರನೇ ಮಹಡಿ, ಕೆಳಗೆ ಬ್ರೆಡ್ ಅಂಗಡಿ, ಬೀದಿ ತುಂಬ ಸುಟ್ಟ ಎಳ್ಳಿನ ವಾಸನೆ. ಹೆಂಡತಿ ಟ್ಯಾಬ್ಲೆಟ್ ಮುಂದೆ ಕೂತು ಒಂದೊಂದೇ ಗುಂಡಿ ಒತ್ತಿದರು. ‘ನೀರು ಬೇಕು.’ ‘ಕಿಟಕಿ ಮುಚ್ಚು.’ ‘ಧನ್ಯವಾದ.’ ನಾನು ಶಹಬಾಸ್‌ಗಿರಿಗೆ ಕಾಯುತ್ತಿದ್ದೆ. ಆಕೆಯ ಮುಖ ಮಾತ್ರ ಗುಂಡಿಯಿಂದ ಗುಂಡಿಗೆ ಗಂಟಿಕ್ಕುತ್ತಾ ಹೋಯಿತು. ಕೊನೆಗೆ ಗಂಡನ ಕಡೆ ತಿರುಗಿ ಏನೋ ಹೇಳಿದರು. ಅವರು ನನಗೆ ತಿರುಗಿಸಿ ಹೇಳಲು ಹಿಂದುಮುಂದು ನೋಡಿದರು.

“ಇದು ಟಿ.ವಿ.ಯ ಮನುಷ್ಯ ಅಂತಾಳೆ. ಆತ ಊರಿಗೆಲ್ಲ ಸೇರಿದವನು. ನೀರು ಬೇಕು ಅಂತ ಬಜೆಟ್ ಓದಿದ ಹಾಗೆ ಹೇಳಿದರೆ ನಾನು ಎದ್ದು ತಂದುಕೊಡಲ್ಲ ಅಂತಾಳೆ.”

ಥೆರಪಿಸ್ಟ್ ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ನೇರ ನನ್ನನ್ನೇ ನೋಡಿ, ತಮ್ಮ ಹರುಕು ಇಂಗ್ಲಿಷಿನಲ್ಲಿ, “ಇದರಲ್ಲಿ ಇವರ ‘ಇಲ್ಲ’ ಎಲ್ಲಿ?” ಎಂದು ಕೇಳಿದರು.

ಎರಡನೇ ಸಾಲಿನ ಮೊದಲ ಗುಂಡಿ ತೋರಿಸಿದೆ. ‘ಇಲ್ಲ’ ಎನ್ನುವುದಕ್ಕೆ ಅವರ ಭಾಷೆಯ ಪದವನ್ನು ಮೂರು ಬಗೆಯಲ್ಲಿ ಹೇಳಿಸಿ, ಅತ್ಯುತ್ತಮವಾದದ್ದನ್ನು ಆರಿಸಿ ಹಾಕಿದ್ದೆ. ಹೆಂಡತಿ ಅಲ್ಲವೆಂದು ತಲೆಯಾಡಿಸಿದರು. ಮದುವೆಯಾದಾಗಿನಿಂದ ಗಂಡ ತಮ್ಮ ಹತ್ತಿರ ಆ ಪದ ಬಳಸಿದವರೇ ಅಲ್ಲ ಎಂದರು. ಆಮೇಲೆ ಗಲ್ಲವನ್ನು ತುಸು ಮೇಲಕ್ಕೆತ್ತಿ, ಹುಬ್ಬೇರಿಸಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟು ತೋರಿಸಿದರು. ಟ್ಚ್.

ಅವರ ಕಡೆ ಅದು ಮಾತಿನಷ್ಟೇ ಖಚಿತವಾದ ಉತ್ತರವಂತೆ. ಟೀ ಬೇಕಾ ಎಂದರೆ ಟ್ಚ್. ಬಸ್ಸು ಬಂತಾ ಎಂದರೆ ಟ್ಚ್. ನಮ್ಮ ಮೇಷ್ಟ್ರುಗಳು ತಲೆಯನ್ನು ಓರೆಯಾಗಿ ಆಡಿಸಿದರೆ ಹೌದು ಎಂದು ನಾವು ತಿಳಿಯುವುದಿಲ್ಲವೇ, ಹಾಗೆ. ನನ್ನ ಬೇಸ್‌ಮೆಂಟಿನಲ್ಲೂ ಪತ್ರಕರ್ತರು ಅದನ್ನು ಎಷ್ಟೋ ಸಲ ಹೇಳಿದ್ದರು. ನಾನು ಅಲೆ ನೋಡುತ್ತ ಕೂತಿದ್ದೆ, ನನ್ನ ಸಾಫ್ಟ್‌ವೇರು ಅದನ್ನು ಬಾಯಿಯ ಕೊಳೆ ಎಂದು ತೊಳೆದು ಎಸೆದಿತ್ತು.

ಇದನ್ನು ಹೇಳಿದಾಗ ಪತ್ರಕರ್ತರಿಗೆ ಕೋಪ ಬರಲಿಲ್ಲ. ನ್ಯಾಯಾಲಯ ಮಾಡಿದ್ದೂ ಇದನ್ನೇ ಎಂದು ನಕ್ಕು, ಅವತ್ತಿನ ಕಥೆ ಹೇಳಿದರು.

ಅವರ ದೇಶದ ಕೋರ್ಟಿನಲ್ಲಿ ಆರೋಪಿ ಹೇಳಿದ್ದನ್ನು ಗುಮಾಸ್ತ ನೇರ ಬರೆದುಕೊಳ್ಳುವುದಿಲ್ಲ. ನ್ಯಾಯಾಧೀಶರು ಕೇಳಿಸಿಕೊಂಡು, ಹೀಗೆ ಬರೆ ಎಂದು ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಾರೆ. ಇವರ ವಿಚಾರಣೆಯಲ್ಲಿ ಬಂದ ಮುಖ್ಯ ಪ್ರಶ್ನೆ ಒಂದೇ: ಈ ಸುದ್ದಿ ಕೊಟ್ಟವರ ಹೆಸರು ಹೇಳುತ್ತೀರಾ? ಹೇಳಿದರೆ ಅವತ್ತೇ ಮನೆ. ಇವರು ಗಲ್ಲ ಎತ್ತಿ ಟ್ಚ್ ಎಂದರು. ನ್ಯಾಯಾಧೀಶರು ಗುಮಾಸ್ತನಿಗೆ, ‘ಆರೋಪಿ ಉತ್ತರ ಕೊಡಲಿಲ್ಲ’ ಎಂದು ಬರೆಸಿದರು.

“ಎದ್ದು ನಿಂತೆ. ಉತ್ತರ ಕೊಟ್ಟಿದ್ದೇನೆ, ಇಲ್ಲ ಅಂದಿದ್ದೇನೆ, ಹಾಗಂತಲೇ ಬರೆಸಿ ಅಂದೆ. ಸುಮ್ಮನಿದ್ದ ಅಂತ ಬರೆದರೆ ಹೆದರಿದ ಅಂತ ಓದುತ್ತಾರೆ. ವಾದ ಮಾಡಿ ಬರೆಸಿದೆ. ಜೈಲು ತಪ್ಪಲಿಲ್ಲ, ಬಿಡಿ.”

ಹೆಂಡತಿ ಅವತ್ತು ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿದ್ದರು. ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಸದ್ದು ಕೇಳಿದಾಗಲೇ, ಇವರು ಇವತ್ತು ಮನೆಗೆ ಬರುವುದಿಲ್ಲ ಎಂದು ಗೊತ್ತಾಯಿತು ಎಂದರು. ಹೇಳುವಾಗ ಗಂಡನ ತೋಳಿನ ಮೇಲಿನ ಒಂದು ನೂಲನ್ನು ತೆಗೆಯುತ್ತಿದ್ದರು.

ಮೂಲ ಮುದ್ರಣಗಳು ನನ್ನ ಹತ್ತಿರ ಇದ್ದವು. ಮೂಲವನ್ನು ಅಳಿಸುವ ಪದ್ಧತಿ ನನಗಿಲ್ಲ. ಮನೆಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಕೇಳಿ ಆ ಟ್ಚ್‌ಗಳನ್ನು ಹುಡುಕಿದೆ. ಇದ್ದವು, ಆದರೆ ಯಾವುದೂ ಗುಂಡಿಗೆ ಹಾಕುವ ಹಾಗಿರಲಿಲ್ಲ. ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು, ಎಲ್ಲ ಟ್ಚ್‌ಗಳ ಮೇಲೂ ನನ್ನದೇ ಮಾತು ಕೂತಿತ್ತು. ಬೇಸ್‌ಮೆಂಟಿನಲ್ಲಿ ಒಬ್ಬಳೇ ಕೂತು ನನ್ನ ದನಿಯ ಮೇಲೆ ನಾನೇ ಸಿಡುಕಿದೆ.

ಇನ್ನೂ ಮೂರ್ನಾಲ್ಕು ಬೈಠಕ್ಕು ಸಿಗುತ್ತದೆ, ಎಲ್ಲ ಸರಿಮಾಡಬಹುದು ಎಂದುಕೊಂಡಿದ್ದೆ. ಮರುದಿನ ಥೆರಪಿಸ್ಟ್ ಫೋನ್ ಮಾಡಿದಳು. ಅವರಿಗೆ ಉಸಿರಾಟ ಬಿಗಿಯಾಗುತ್ತಿತ್ತು, ಡಾಕ್ಟರರು ಸರ್ಜರಿಯನ್ನು ಮುಂದಿನ ವಾರಕ್ಕೇ ತಂದಿದ್ದರು. ಇನ್ನು ಸಿಗುವುದು ಒಂದೇ ಬೈಠಕ್ಕು. ಪಟ್ಟಿಯಲ್ಲಿ ಉಳಿದಿದ್ದವು ಔಷಧಿ, ನೋವು, ಉಸಿರಿಗೆ ಸಂಬಂಧಿಸಿದ ಮಾತುಗಳು. ಅವನ್ನು ನನ್ನ ಸ್ಟುಡಿಯೋದಲ್ಲಿ ಮುಗಿಸಿಬಿಡುವುದು ಅವಳ ಅಭಿಪ್ರಾಯ.

ನನಗೆ ಅವತ್ತು ಯೋಚನೆ ಹತ್ತಿತು. ನೋವಿದೆ ಎಂದು ಬರೆದು ತೋರಿಸಬಹುದು, ಬೆರಳು ಮಾಡಿ ತೋರಿಸಬಹುದು. ಹೆಂಡತಿಯನ್ನು ಕರೆಯುವ ದನಿ, ಅವರನ್ನು ರೇಗಿಸುವ ದನಿ, ಅದನ್ನು ಬರೆದು ತೋರಿಸುವುದು ಹೇಗೆ? ಸ್ಟುಡಿಯೋದಲ್ಲಿ ಕೂರಿಸಿದರೆ ಆ ಮನುಷ್ಯ ಮತ್ತೆ ಬಜೆಟ್ ಓದುತ್ತಾರೆ; ಕೆಂಪು ದೀಪ ಕಂಡರೆ ಸೆಟೆದು ಕೂರುವುದು ಅವರ ಮೈಯಲ್ಲೇ ಇತ್ತು. ಕೊನೆಯ ಬೈಠಕ್ಕು ಅವರ ಅಡುಗೆಮನೆಯಲ್ಲಿ, ಪಟ್ಟಿಯಿಲ್ಲದೆ ಎಂದು ಹೇಳಿದೆ.

“ಆಂಟಿ, ಅಲ್ಲಿ ಎಷ್ಟು ನಾಯ್ಸ್ ಇರತ್ತೆ ಗೊತ್ತಾ? ಟ್ಯಾಬ್ಲೆಟ್ ಸ್ಪೀಕರ್ ಚಿಕ್ಕದು, ಏನೂ ಕ್ಲಿಯರ್ ಆಗಿ ಕೇಳ್ಸಲ್ಲ. ಅಷ್ಟೊಂದು ಕ್ಲೀನ್ ಬೇಕು ಅಂತಿದ್ದೋರು ನೀವೇ ಅಲ್ವಾ?”

ನಾನೇ. ಅದೇ ತೊಂದರೆಯಾಗಿದ್ದು ಎಂದೆ. ಔಷಧಿಯ ಮಾತುಗಳು ಯಾರ ಗಂಡನದಾದರೂ ಒಂದೇ, ಅವುಗಳಿಗೆ ಟ್ಯಾಬ್ಲೆಟ್ಟಿನ ಯಂತ್ರದ ದನಿ ಸಾಕು ಎಂದು ವಾದ ಮಾಡಿದೆ. ಕೊನೆಗೆ ಅವಳು ಒಪ್ಪಿದಳು.

ಮೈಕು, ಲ್ಯಾಪ್‌ಟಾಪು ಕಾರಿಗೆ ಹಾಕಿಕೊಂಡು ಪ್ಯಾಟರ್ಸನ್‌ಗೆ ಹೋದೆ. ನನ್ನ ಜೀವಮಾನದಲ್ಲೇ ಅಷ್ಟು ಕೆಟ್ಟ ಜಾಗದಲ್ಲಿ ಮುದ್ರಣ ಮಾಡಿರಲಿಲ್ಲ. ಗೋಡೆಗೆ ಟೈಲ್ಸು, ಕಿಟಕಿಯ ಕೆಳಗೆ ಬಸ್ ಸ್ಟಾಪು, ಮೇಲಿನ ಮನೆಯಲ್ಲಿ ಯಾರೋ ಪೀಠೋಪಕರಣ ಎಳೆಯುತ್ತಿದ್ದರು. ಅಭ್ಯಾಸಬಲದಿಂದ ಫ್ರಿಜ್ಜಿನ ಪ್ಲಗ್ ತೆಗೆದು ಕಾರಿನ ಕೀಯನ್ನು ಒಳಗೆ, ಆಲಿವ್ ಬಟ್ಟಲಿನ ಪಕ್ಕ ಇಟ್ಟೆ. ಅದನ್ನು ನೋಡಿದ ಹೆಂಡತಿ ಗಂಡನಿಗೆ ಏನೋ ಹೇಳಿದರು. ಇಂಡಿಯಾದಲ್ಲಿ ಕೀಗಳು ಕೆಡುತ್ತವೆಯೇ ಎಂದು ಕೇಳಿದ್ದಂತೆ.

ಮೈಕನ್ನು ಸ್ಟ್ಯಾಂಡಿಗೆ ಹಾಕದೆ ಸಕ್ಕರೆ ಡಬ್ಬಕ್ಕೆ ಒರಗಿಸಿ, ಮೇಲೆ ಒಂದು ಕರವಸ್ತ್ರ ಹಾಕಿದೆ. ರೆಕಾರ್ಡಿಂಗ್ ಶುರುಮಾಡಿ ಲ್ಯಾಪ್‌ಟಾಪಿನ ಪರದೆಯನ್ನು ಮಡಚಿದೆ. ಒಂದರ ಮೇಲೊಂದು ಕೂರಿಸಿದ ಜೋಡಿ ಕೆಟಲಿನಲ್ಲಿ ಟೀ ಕುದಿಯುತ್ತಿತ್ತು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳು ಬಂದವು. ನಿಮ್ಮ ಪಾಡಿಗೆ ನೀವು ಮಾತಾಡಿಕೊಳ್ಳಿ ಎಂದೆ. ಇಬ್ಬರೂ ಮದುವೆಗೆ ನೋಡಲು ಬಂದವರ ಹಾಗೆ ಬಿಗಿದುಕೊಂಡು ಕೂತರು. ಮೈಕ್ ಮುಂದೆ ಬದುಕನ್ನೆಲ್ಲ ಕಳೆದ ಮನುಷ್ಯನಿಗೆ ಹೆಂಡತಿಯ ಎದುರು ಮಾತೇ ಹೊರಡಲಿಲ್ಲ.

ಹೆಂಡತಿ ಟೀಗೆ ಸಕ್ಕರೆ ಹಾಕಿದ ಮೇಲೆ ಗಂಟು ಸಡಿಲವಾಯಿತು. ಒಂದು ಉಂಡೆ ಹೆಚ್ಚಾಯಿತು ಎಂದು ಗಂಡ ಗೊಣಗಿದರು, ಹೆಂಡತಿ ಎದುರು ಗೊಣಗಿದರು. ಆಮೇಲೆ ಯಾವುದೋ ದೋಣಿಕಟ್ಟೆಯ ಮಾತು ಬಂತು, ಗಂಡ ಸಂಜೆ ಹೊತ್ತು ಪತ್ರಿಕೆಯ ಕಚೇರಿಯಿಂದ ಓಡೋಡಿ ಬಂದು ಕೊನೆಯ ಫೆರಿ ತಪ್ಪಿಸಿಕೊಳ್ಳುತ್ತಿದ್ದುದು, ಹೆಂಡತಿ ಕಟ್ಟೆಯ ಮೇಲೆ ಚಳಿಯಲ್ಲಿ ಕಾಯುತ್ತಿದ್ದುದು. ನಡುನಡುವೆ ನನಗೂ ಒಂದೆರಡು ಸಾಲು ಇಂಗ್ಲಿಷಿನಲ್ಲಿ ಎಸೆಯುತ್ತಿದ್ದರು, ಉಳಿದದ್ದು ನನಗೆ ಅರ್ಥವಾಗುವ ಅಗತ್ಯವಿರಲಿಲ್ಲ. ಅವರು ಹೆಂಡತಿಯ ಹೆಸರನ್ನು ಕರೆದದ್ದು ಅವತ್ತೇ ಮೊದಲ ಸಲ ಕೇಳಿದೆ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ತಪ್ಪು ಮಾಡಿದ ಹುಡುಗ ಕರೆದ ಹಾಗೆ. ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ನನ್ನ ಕಣ್ಣು ತುಂಬಿತು. ನನ್ನವರು ಒಂದೊಂದು ಸಲ ಹಾಗೆ ಕರೆಯುತ್ತಾರೆ, ನಾನು ಕಿವಿಗೆ ಹಾಕಿಕೊಳ್ಳದೆ ಕೆಲಸ ಮಾಡುತ್ತಿರುತ್ತೇನೆ.

ಆ ಟ್ಚ್ ಮಾತ್ರ ಬರಲಿಲ್ಲ. ಕೇಳಿಕೊಂಡೆ, ಮಾಡಿ ತೋರಿಸಿದರು. ಹೆಂಡತಿ ಅದನ್ನು ಕೇಳಿ, ಇದು ನಾಟಕ ಎಂದರು. ಇನ್ನೊಮ್ಮೆ ಮಾಡಿದರು, ಅದೂ ನಾಟಕ. ಅಷ್ಟರಲ್ಲಿ ಅವರ ದನಿ ಬಿರಿಯತೊಡಗಿತ್ತು, ನಿಲ್ಲಿಸುವುದು ಒಳ್ಳೆಯದು ಎನ್ನಿಸಿತು. ನಾನು ಹೆಡ್‌ಫೋನ್ ತೆಗೆಯುವುದರಲ್ಲಿದ್ದೆ. ಹೆಂಡತಿ ಲೋಟಗಳನ್ನು ಎತ್ತಿಡುತ್ತ, ಬಾಗಿಲ ಹಿಂದೆ ನೇತಾಡುತ್ತಿದ್ದ ಕಂದು ಕೋಟಿನ ಕಡೆ ಕೈ ಮಾಡಿ ಏನೋ ಕೇಳಿದರು. ತೋಳು ಹರಿದ ಆ ಕೋಟು ಸಂಸತ್ತಿನ ದಿನಗಳದಂತೆ, ಇನ್ನಾದರೂ ಎಸೆಯಲೇ ಎಂದು ಅವರು ಕೇಳಿದ್ದಂತೆ. ಪತ್ರಕರ್ತರ ಗಲ್ಲ ತಾನಾಗಿ ಮೇಲೆದ್ದಿತು.

ಟ್ಚ್.

ಚೊಕ್ಕವಾಗಿ, ಯಾರ ಮಾತೂ ಮೇಲೆ ಬೀಳದೆ ಬಂದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ನಕ್ಕವರು ಅವರು. ಸವೆದ ಗಂಟಲಿನಿಂದ ಹಳೆಯ ಬೀರು ಪೂರ್ತಿ ತೆರೆದ ಹಾಗೆ ನಗು ಬಂತು. ಹೆಂಡತಿಯ ಕೈಯಿಂದ ಟೀ ಚಮಚ ಜಾರಿ ನೆಲಕ್ಕೆ ಬಿದ್ದು ಠಣ್ಣೆಂದಿತು. ಅದರ ಹಿಂದೆಯೇ ಕೆಳಗಿನ ಬಸ್ಸು ಹಾರನ್ ಹೊಡೆಯಿತು. ಎಲ್ಲವೂ ಮುದ್ರಣವಾಯಿತು.

ಆ ವಾರ ನಾನು ಒಂದು ಸದ್ದನ್ನೂ ತೊಳೆಯಲಿಲ್ಲ. ಕತ್ತರಿಸಿ, ಹೆಸರು ಕೊಟ್ಟು, ದನಿಯ ಮಟ್ಟ ಸರಿಮಾಡಿ ಇಟ್ಟೆ ಅಷ್ಟೆ. ಟ್ಚ್ ಅನ್ನು ಎಲ್ಲಕ್ಕಿಂತ ಮೇಲಿನ ಗುಂಡಿಗೆ ಹಾಕಿದೆ. ನಗುವನ್ನೂ ಒಂದು ಗುಂಡಿಗೆ ಹಾಕಬೇಕೆಂದಿದ್ದೆ, ಥೆರಪಿಸ್ಟ್ ಒಪ್ಪಲಿಲ್ಲ. ಮೊದಲ ಪುಟದ ಗುಂಡಿಗಳು ತುಂಬಿಹೋಗಿದ್ದವು, ಆಸ್ಪತ್ರೆಯಲ್ಲಿ ನಗುವಿನ ಅಗತ್ಯ ಬೀಳುವುದಿಲ್ಲ ಎಂದಳು. ಅವಳು ಹೇಳಿದ್ದು ತಪ್ಪೆಂದು ಹೇಳಲಾರೆ. ನಗುವಿನ ಫೈಲು ನನ್ನ ಲ್ಯಾಪ್‌ಟಾಪಿನಲ್ಲೇ ಉಳಿಯಿತು.

ಸರ್ಜರಿಯಾಗಿ ಕೆಲವು ದಿನಗಳ ಮೇಲೆ ನೋಡಲು ಹೋದೆ. ಮೂಗಿನಲ್ಲಿ ಕೊಳವೆ, ಕತ್ತಿನ ಸುತ್ತ ಬ್ಯಾಂಡೇಜು, ಅದರ ನಡುವಿನ ರಂಧ್ರದಿಂದ ಉಸಿರು ಹೋಗಿಬಂದು ಮಾಡುವ ಸದ್ದು. ಕಣ್ಣು ಮಾತ್ರ ಅವರದ್ದೇ. ಟ್ಯಾಬ್ಲೆಟ್ ಪಕ್ಕದ ಮೇಜಿನ ಮೇಲಿತ್ತು. ಥೆರಪಿಸ್ಟ್ ಕೂಡ ಅಲ್ಲೇ ಇದ್ದಳು, ಗುಂಡಿ ಒತ್ತಲು ಇನ್ನೂ ಮನಸ್ಸು ಮಾಡಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಹೆಂಡತಿ ನನ್ನನ್ನು ಕಿಟಕಿಯ ಹತ್ತಿರ ಕರೆದು, ತಮ್ಮ ಹರುಕು ಇಂಗ್ಲಿಷಿನಲ್ಲೇ ವಿಷಯ ಹೇಳುತ್ತ ಫೋನ್ ತೋರಿಸಿದರು. ಕಾರ್ಯಕ್ರಮ ಏಕೆ ನಿಂತಿದೆ ಎಂದು ಊರಿನಿಂದ ಜನ ಬರೆಯುತ್ತಿದ್ದರು. ಏನಾದರೂ ಉತ್ತರ ಹೇಳಲೇಬೇಕು, ಇವತ್ತು ಕೇಳಿಬಿಡುತ್ತೇನೆ, ಇಲ್ಲಿಗೆ ಮುಗಿಯಿತು ಎಂದು ಹಾಕಿಬಿಡಲೇ ಎಂದು ಕೇಳುತ್ತೇನೆ ಎಂದರು. ಆ ಮನುಷ್ಯನಿಗೆ ಕೆಲಸ ಬಿಟ್ಟರೆ ಬೇರೆ ಊರುಗೋಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಂಚದ ಹತ್ತಿರ ಹೋಗಿ ಕೈ ಹಿಡಿದು ಕೇಳಿದರು. ನಾನು ಟ್ಯಾಬ್ಲೆಟ್ಟನ್ನು ಅವರ ಬೆರಳಿಗೆ ಎಟುಕುವಂತೆ ಸರಿಸಿದೆ, ಮೇಲಿನ ಗುಂಡಿ ಕಾಣುವ ಹಾಗೆ. ಅವರು ಅದರ ಕಡೆ ನೋಡಲೇ ಇಲ್ಲ. ಹೊಲಿಗೆ ಇದ್ದದ್ದರಿಂದ ಗಲ್ಲ ಎತ್ತುವಂತಿರಲಿಲ್ಲ. ಹುಬ್ಬು ಏರಿತು.

ಟ್ಚ್.

ಅದಕ್ಕೆ ಗಂಟಲೇ ಬೇಕಾಗಿರಲಿಲ್ಲ. ನಾಲಿಗೆ ಮತ್ತು ಅಂಗುಳ ಸಾಕಾಗಿತ್ತು, ಎರಡನ್ನೂ ಡಾಕ್ಟರರು ಮುಟ್ಟಿರಲಿಲ್ಲ. ದನಿಯ ವಿದ್ಯೆ ಓದಿದ ಹುಡುಗಿಗಾಗಲಿ, ದನಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗಾಗಲಿ ಇದು ಹೊಳೆದಿರಲಿಲ್ಲ. ಅಡುಗೆಮನೆಯಲ್ಲಿ ಅದನ್ನು ಹಿಡಿಯಲು ನಾವು ಪಟ್ಟ ಪಾಡನ್ನು ನೆನೆದು, ಥೆರಪಿಸ್ಟ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಹೆಂಡತಿ ಗಂಡನ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಅತ್ತರು. ಕೋರ್ಟಿನಲ್ಲಿ ಅವತ್ತು ಅತ್ತಿರಲಿಲ್ಲವಂತೆ.

ಸ್ವಲ್ಪ ಹೊತ್ತಾದ ಮೇಲೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಮೇಲಿನ ಆ ಗುಂಡಿ ತೆಗೆದುಬಿಡಿ. ಅದು ಇವರ ಹತ್ತಿರ ಇದೆ. ಆ ಜಾಗಕ್ಕೆ ನಗು ಹಾಕಿಕೊಡಿ.”

ಥೆರಪಿಸ್ಟ್ ಈ ಸಲ ತಾನೇ ಟ್ಯಾಬ್ಲೆಟ್ ತಂದು ನನ್ನ ಕೈಗಿಟ್ಟಳು. ಕಿಟಕಿಯ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದು, ನಾನು ಅಷ್ಟು ಕಷ್ಟಪಟ್ಟು ಹಿಡಿದ ಟ್ಚ್ ಅನ್ನು ತೆಗೆದೆ. ಆ ಜಾಗದಲ್ಲಿ ನಗುವಿನ ಫೈಲು ಕೂರಿಸಿದೆ, ಚಮಚ, ಬಸ್ಸು ಎಲ್ಲದರ ಸಮೇತ. ಟ್ಯಾಬ್ಲೆಟ್ಟನ್ನು ಅವರ ಮುಂದೆ ಹಿಡಿದೆ. ನನ್ನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಅವರು ಬೆರಳು ಚಾಚಿ ಒತ್ತಿದರು.

ಆಸ್ಪತ್ರೆಯ ಕೋಣೆಯಲ್ಲಿ ಅವರ ನಗು ಕೇಳಿಸಿತು, ನಡುವೆ ಚಮಚ ಬಿದ್ದ ಠಣ್ ಸದ್ದು. ಹೆಂಡತಿ ಥಟ್ಟನೆ ಬಗ್ಗಿ ನೆಲ ನೋಡಿದರು.